ಕೆಮ್ಮಿನ ಬಾಟಲಿಯ ಪನ್ನೀರು

ಆಗಸ್ಟ್ 9, ಶನಿವಾರ

ಚಾಮರಾಜನಗರಕ್ಕೆ ಹೋಗಿ ಚರ್ಮದ ಡಾಕ್ಟರಿಗೆ ತಲೆ ತೋರಿಸಿ ಬಂದೆ. ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಹೀಗೇ ಹೋದರೆ ದೀಪಾವಳಿ ಹೊತ್ತಿಗೆ ನನ್ನ ತಲೆಯೂ ಮಂಡಿಯ ಈರುಳ್ಳಿಯೂ ಒಂದೇ ಥರ ಕಾಣುತ್ತವೆ. ಡಾಕ್ಟರು ಚಿಕ್ಕ ಹುಡುಗಿ. "ಮನೇಲಿ ಏನಾದ್ರೂ ಟೆನ್ಷನ್ ಇದೆಯಾ ಆಂಟಿ?" ಎಂದು ಕೇಳಿದಳು. ಗಂಡ ಹೋಗಿ ಮೂರು ತಿಂಗಳಾಯಿತು, ಗಂಡನ ಅಕ್ಕ ಬಂದು ಎರಡು ತಿಂಗಳಾಯಿತು, ಯಾವುದು ಟೆನ್ಷನ್ನೋ ನೀವೇ ಹೇಳಿ ಎಂದೆ. ನಗದೆ ಬರೆದುಕೊಂಡಳು. ಕೂದಲು ಮತ್ತೆ ಹುಟ್ಟುತ್ತದಂತೆ. ಮನಸ್ಸಿಗೆ ಬಂದದ್ದನ್ನು ಬರೆದಿಟ್ಟರೆ ನಿದ್ದೆಯೂ ಬರುತ್ತದಂತೆ. ಅದಕ್ಕೇ ಬೀಜದ ಕಂಪನಿಯವರು ನಮ್ಮನೆಯವರಿಗೆ ಕೊಟ್ಟಿದ್ದ ಡೈರಿಯನ್ನು ಕಪಾಟಿನಿಂದ ತೆಗೆದು ಕೂತಿದ್ದೇನೆ.

ಮಗಳು ಶಿವಾನಿ ಜೊತೆಗಿದ್ದಳು. ಬದನಗುಪ್ಪೆಯ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ, ಚಾಮರಾಜನಗರದಲ್ಲಿ ರೂಮು. ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದಳು. ಅಲ್ಲೊಬ್ಬಳು ಹೂವಿನವಳು, "ತಕ್ಕಳಿ ಅಕ್ಕ, ಸತ್ಯಮಂಗಲದ ಮಲ್ಗೆ, ಈಗ್ತಾನೆ ಬಂದದ್ದು" ಎನ್ನುತ್ತ ಮೊಳ ಅಳೆದೇಬಿಟ್ಟಳು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ಕುಂಕುಮವಿಲ್ಲದ ಹಣೆ ಕಂಡಿರಬೇಕು. ಹೂವನ್ನು ಮತ್ತೆ ಬುಟ್ಟಿಯೊಳಗೆ ಸುತ್ತಿಕೊಂಡಳು. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಬಸ್ಸು ನಿಲ್ಲಿಸುವವಳ ಥರ ಅಲ್ಲಾಡಿಸಿದೆ. ಬಸ್ಸು ನಿಂತೂಬಿಟ್ಟಿತು. ಅದು ಕೊಳ್ಳೇಗಾಲದ್ದು. ಕಂಡಕ್ಟರ್ ಕೈಲಿ ಬೈಸಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆ.

ಆಗಸ್ಟ್ 10

ಡೈರಿಗೆ ಮನೆಯವರ ಪರಿಚಯ ಮಾಡಿಸಿಬಿಡುತ್ತೇನೆ.

ಅವರು, ಅಂದರೆ ಗುರುಪಾದಸ್ವಾಮಿ, ಈ ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದವರು. ಮದುವೆಯಾದ ಹೊಸದರಲ್ಲಿ ನಿಮ್ಮ ಮೈ ಈರುಳ್ಳಿ ವಾಸನೆ ಎಂದು ಬಾಯಿತಪ್ಪಿ ಅಂದಿದ್ದೆ. ಮಾರನೆಯ ದಿನದಿಂದ ದೀಪ ಹಚ್ಚುವ ಹೊತ್ತಿಗೆ ಒಂದು ಮೊಳ ಹೂವು ಹಿಡಿದುಕೊಂಡೇ ಹೊಸಿಲು ದಾಟುತ್ತಿದ್ದರು. ಜಗಳವಾಡಿದ ದಿನವೂ ತರುತ್ತಿದ್ದರು, ಕೈಗೆ ಕೊಡದೆ ಟಿ.ವಿ. ಮೇಲೆ ಇಡುತ್ತಿದ್ದರು. ಹೂವಿನಂಗಡಿ ಬಾಗಿಲು ಹಾಕಿದ ದಿನಕ್ಕೆ ಇರಲಿ ಎಂದು ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ ಪನ್ನೀರು ಗುಲಾಬಿಯ ಕಡ್ಡಿ ನೆಟ್ಟರು. ಈಗ ಅದು ನನ್ನ ಎತ್ತರಕ್ಕಿದೆ.

ಇನ್ನು ಅಕ್ಕ. ಅವರ ಅಕ್ಕ ಮರಿತಾಯಮ್ಮ. ಚಂದಕವಾಡಿಯವರು, ಎಪ್ಪತ್ತರ ಹತ್ತಿರ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತೌರಿನಲ್ಲೇ ಉಳಿದವರು. ಒಂದು ಟ್ರಂಕು ಹೊತ್ತುಕೊಂಡು ಬಂದು, "ನೀ ಒಬ್ಳೇ ಆಗ್ಬುಟ್ಟೆ ಕಣಮ್ಮಿ, ವರ್ಸ ತುಂಬೋಗಂಟ ನಾನಿಲ್ಲೇ ಇರ್ತೀನಿ" ಎಂದರು. ನಾನು ಕರೆದಿರಲಿಲ್ಲ. ನಾನು ಎದ್ದರೆ ಎದ್ದೆ ಎನ್ನುತ್ತಾರೆ, ಕೂತರೆ ಕೂತೆ ಎನ್ನುತ್ತಾರೆ. ಈ ಬೆಳಿಗ್ಗೆ ಹಿತ್ತಲಲ್ಲಿ ನಿಂತು, "ಮುಡಿಯೋರಿಲ್ದ ಮನೇಲಿ ಹೂವಿನ್ ಗಿಡ ಯಾಕಮ್ಮಿ? ಕಂಡೋರು ಏನಂದಾರು? ಗೌರಿ ಹಬ್ಬ ಕಳೀಲಿ, ಮೂಗಯ್ಯುನ್ನ ಕರ್ಸಿ ಕೀಳ್ಸಿ, ಕರಿಬೇವು ನೆಡ್ಸನ" ಎಂದರು. ಮೂಗಯ್ಯ ನಮ್ಮ ಹಿತ್ತಲ ಕೆಲಸಕ್ಕೆ ಬರುವವನು. ಹೇಳಿದ ದಿನಕ್ಕೆ ಎಂದೂ ಬಂದವನಲ್ಲ, ಆದರೆ ಕೀಳುವ ಕೆಲಸವೆಂದರೆ ಓಡಿಬರುತ್ತಾನೆ.

ನನಗೆ ಬೇಕಾದದ್ದು ಎರಡೇ. ಗಿಡ ಉಳಿಯಬೇಕು, ಅಕ್ಕ ಚಂದಕವಾಡಿಗೆ ಹೊರಡಬೇಕು.

ಆಗಸ್ಟ್ 12

ಗಿಡಕ್ಕೆ ಮನೆಯಲ್ಲಿ ಏನಾಗಿದೆ ಎಂಬುದೇ ಗೊತ್ತಿಲ್ಲ. ಮಳೆ ಬಿದ್ದದ್ದೇ ತಡ ಒಂದೇ ಸಮ ಬಿಡುತ್ತಿದೆ. ಅಕ್ಕನ ಪೂಜೆಗೆ ಪತ್ರೆ, ಬಿಳಿ ಕಣಗಿಲೆ ಸಾಕಂತೆ. ಗುಲಾಬಿ ಇಟ್ಟರೆ ಶಿವನಿಗೆ ನೆಗಡಿಯಾಗುತ್ತದೋ ಏನೋ. ಹೂವೆಲ್ಲ ಒಗೆಯುವ ಕಲ್ಲಿನ ಮೇಲೆ ಉದುರಿ ಸೋಪಿನ ನೀರಿನ ಜೊತೆ ಮೋರಿ ಸೇರುತ್ತಿದೆ. ಇವತ್ತು ಒಂದಿಷ್ಟು ಸೆರಗಿನಲ್ಲಿ ಕಟ್ಟಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿ ಮೂಸಿದೆ. ಐವತ್ತು ದಾಟಿದ ಹೆಂಗಸು ಹೂವು ಮೂಸುವುದಕ್ಕೆ ಬಚ್ಚಲ ಚಿಲಕ ಹಾಕಿಕೊಳ್ಳಬೇಕಾಯಿತು. ಸಿಟ್ಟು ಬಂತು.

ಶಿವಾನಿಗೆ ಫೋನು ಮಾಡಿ ಗೋಳು ತೋಡಿಕೊಂಡೆ. "ಬಟ್ಟಿ ಇಳಿಸಮ್ಮ" ಎಂದಳು.

"ಸಾರಾಯೀನಾ?"

"ಪನ್ನೀರು ಕಣಮ್ಮ. ಮನೇಲೇ ಆಗ್ತದೆ. ಕೂದಲ ಬುಡಕ್ಕೆ ತಂಪು, ಮುಖಕ್ಕೂ ಒಳ್ಳೇದು. ಅತ್ತೆ ಕೇಳಿದ್ರೆ ಔಷಧಿ ಅನ್ನು."

ಫೋನಿಟ್ಟ ಮೇಲೆ ಯೋಚಿಸಿದೆ. ಹೂವು ಮುಡಿಯಬಾರದು, ಸರಿ. ಹೂವಿನ ನೀರು ಹಚ್ಚಬಾರದು ಎಂದು ಯಾರೂ ಹೇಳಿಲ್ಲ. ಹಾಗೆ ಹೇಳಬೇಕೆಂದು ಅವರಿಗೆ ಹೊಳೆದಿಲ್ಲ. ಹೊಳೆಯುವುದರೊಳಗೆ ನಾನು ಮಾಡಿಬಿಡಬೇಕು.

ಆಗಸ್ಟ್ 14

ಮೊದಲ ಪನ್ನೀರು ಹಾಳಾಯಿತು. ಹೂವನ್ನು ನೀರಿಗೆ ಹಾಕಿ ಕುದಿಸಿ ಸೋಸಿಬಿಟ್ಟೆ. ಅದೂ ಹಿಂದಿನ ದಿನ ಹುರುಳಿ ಬಸ್ಸಾರು ಮಾಡಿದ್ದ ಪಾತ್ರೆಯಲ್ಲಿ. ಬಣ್ಣ ಮಾತ್ರ ಗುಲಾಬಿ, ವಾಸನೆ ಪೂರ್ತಿ ಬಸ್ಸಾರು. ಮುಖಕ್ಕೆ ಹಚ್ಚಿಕೊಂಡರೆ ಮುದ್ದೆ ಕೇಳುವ ಹಾಗಿತ್ತು. ಅಕ್ಕ ಅಡುಗೆಮನೆಗೆ ಬಂದು, "ಸಾರು ಇಷ್ಟು ತೆಳ್ಳಗ್ಯಾಕ್ ಮಾಡ್ಬುಟ್ಟೆ?" ಎಂದು ಕೇಳಿ ಒಂದು ಸೌಟು ಎತ್ತಿ ಉಪ್ಪು ನೋಡಲು ಹೋದರು. ಕೈಯಿಂದ ಕಿತ್ತುಕೊಂಡು ಚೆಲ್ಲಿದೆ.

"ಕುದಿಸಿದ್ರೆ ಕಷಾಯ ಆಗ್ತದೆ. ನೀನು ಹಿಡೀಬೇಕಾದ್ದು ಆವೀನ" ಎಂದು ಶಿವಾನಿ ವಿಡಿಯೋದಲ್ಲಿ ಪಾತ್ರೆ ಜೋಡಿಸಿ ತೋರಿಸಿದಳು. ಐಸು ಬೇಕಂತೆ.

ಆಗಸ್ಟ್ 18, ಸೋಮವಾರ

ಸೋಮವಾರ ಅಕ್ಕ ಮಠಕ್ಕೆ ಹೋಗುವ ದಿನ. ಬಿಸಿಲೇರುವ ಮುಂಚೆ ಹೂವು ಬಿಡಿಸಿಟ್ಟಿದ್ದೆ. ದೊಡ್ಡ ಪಾತ್ರೆಯ ನಡುವೆ ತೊಳೆದ ಇಟ್ಟಿಗೆ ಚೂರು, ಅದರ ಮೇಲೆ ಸ್ಟೀಲ್ ಬಟ್ಟಲು, ಸುತ್ತಲೂ ಎಸಳು, ಎಸಳು ಮುಳುಗುವಷ್ಟೇ ನೀರು. ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ ಅದರ ಮೇಲೆ ಐಸು. ಉರಿ ಸಣ್ಣಗಿರಬೇಕು. ಆವಿ ಮೇಲೇರಿ, ತಣ್ಣನೆಯ ಮುಚ್ಚಳ ತಾಕಿ, ಹನಿಯಾಗಿ ಬಟ್ಟಲಿಗೆ ಬೀಳುತ್ತದೆ.

ಫ್ರಿಜ್ಜಿನ ಐಸು ನೋಡುತ್ತ ನೋಡುತ್ತ ಕರಗಿ ಖಾಲಿಯಾಯಿತು. ಉರಿ ತೀರಾ ಸಣ್ಣಗೆ ಮಾಡಿ ಓಡಿದೆ. ಜ್ಯೂಸಿನಂಗಡಿ ಬಾಗಿಲು ಹಾಕಿತ್ತು. ಉಳಿದದ್ದು ಕೇರಳದ ರಸ್ತೆಯ ಮೀನಿನಂಗಡಿ ಒಂದೇ. ನಮ್ಮವರು ಅದರ ಮುಂದೆ ಮೂಗು ಮುಚ್ಚಿಕೊಂಡು ಓಡುತ್ತಾರೆ. ನಾನು ಮೂಗು ಮುಚ್ಚಿಕೊಂಡು ನಿಂತೆ.

"ಚೇಚಿ, ಮತ್ತಿ ಉಂಟು, ಅಯಲ ಉಂಟು. ಯಾವುದು ಬೇಕು?"

"ಐಸು ಕೊಡಪ್ಪ."

"ಐಸ್ ಮಾತ್ರಂ?" ಅವನು ನನ್ನ ವಿಭೂತಿ ನೋಡಿದ. "ಮೀನು ಮನೆಯಲ್ಲಿ ಉಂಟಾ?"

ಹೌದು ಎಂದುಬಿಟ್ಟೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮನೆಯಲ್ಲಿ ಮೀನಿದೆ ಎಂದು ಒಪ್ಪಿಕೊಂಡವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಐಸು ಮುಚ್ಚಳದ ಹೊರಗೇ ಇರುತ್ತದೆ, ಒಳಗಿನದಕ್ಕೆ ತಾಕುವುದಿಲ್ಲ. ಆದರೂ ಎರಡೆರಡು ಪ್ಲಾಸ್ಟಿಕ್ ಕವರು ಸುತ್ತಿದೆ.

ಆಮೇಲೆ ಮುಚ್ಚಳ ತೆಗೆದೆ. ಬಟ್ಟಲಲ್ಲಿ ಬರೀ ನೀರಿನಂತೆ ಕಾಣುವ ನೀರು. ಬಗ್ಗಿ ಮೂಸಿದೆ. ಅವರು ಹೊಸಿಲು ದಾಟಿದಾಗ ಬರುತ್ತಿದ್ದ ವಾಸನೆಯಲ್ಲಿ ಈರುಳ್ಳಿ ಕಳೆದು ಉಳಿದದ್ದು. ಹಾಗೇ ನೆಲದ ಮೇಲೆ ಕೂತುಬಿಟ್ಟೆ.

ಕೆಮ್ಮಿನ ಸಿರಪ್ಪಿನ ಹಳೆಯ ಬಾಟಲಿಯನ್ನು ಕುದಿಸಿ ತೊಳೆದು ಅದರಲ್ಲಿ ತುಂಬಿ, ಫ್ರಿಜ್ಜಿನ ಬಾಗಿಲಲ್ಲಿ ಔಷಧಿಗಳ ನಡುವೆ ನಿಲ್ಲಿಸಿದ್ದೇನೆ.

ಆಗಸ್ಟ್ 22, ಶುಕ್ರವಾರ

ಏನೋ ಮಾಡಲು ಹೋಗಿ ಏನೋ ಆಗಿ ಕೂತಿದೆ.

ಸಂಜೆ ಅಕ್ಕ ತರಕಾರಿಗೆಂದು ಹೊರಗೆ ಹೋಗಿದ್ದರು. ತಲೆ ಬುಡಕ್ಕೆ, ಮುಖಕ್ಕೆ, ಕತ್ತಿಗೆ ಧಾರಾಳವಾಗಿ ಪನ್ನೀರು ಹಚ್ಚಿಕೊಂಡೆ. ದೀಪ ಹಚ್ಚುವ ಹೊತ್ತಿಗೆ ಅಕ್ಕ ಬಂದರು. ಹೊಸಿಲಲ್ಲೇ ನಿಂತರು. ಮೂಗು ಅರಳಿತು.

"ಹೂ ಮುಡ್ಕಂಡಿದ್ದಿಯಾ?"

"ನೋಡಿ ಅಕ್ಕ."

ಹೇನು ನೋಡುವಂತೆ ತಲೆಯನ್ನೆಲ್ಲ ಬಿಡಿಸಿ ನೋಡಿದರು. ಸೆರಗು ಒದರಿಸಿದರು. ದೇವರ ಗೂಡು, ದಿಂಬಿನ ಕೆಳಗೆ, ಕೊನೆಗೆ ಅಕ್ಕಿ ಡಬ್ಬಿಯೊಳಗೂ ಕೈಯಾಡಿಸಿದರು. ಹೂವಿರಲಿ, ಒಂದು ಎಸಳೂ ಇಲ್ಲ. ಆಗ ಅವರ ಕಣ್ಣು ಬಾಗಿಲ ಪಕ್ಕದ ಕುರ್ಚಿಯ ಮೇಲೆ ಬಿತ್ತು. ಅವರು ಮಂಡಿಯಿಂದ ಬಂದು ಅಲ್ಲೇ ಕೂತು ಚಪ್ಪಲಿ ಬಿಚ್ಚುತ್ತಿದ್ದುದು. ಅಕ್ಕನ ಮುಖ ಮೆತ್ತಗಾಯಿತು. ಅಂಥದ್ದನ್ನು ನಾನು ಆ ಮುಖದಲ್ಲಿ ನೋಡಿರಲಿಲ್ಲ.

"ಅಮ್ಮಿ," ಎಂದರು ಮೆಲ್ಲಗೆ. "ಗುರುಪಾದ ಬಂದವ್ನೆ ಕಣಮ್ಮಿ. ಹೂ ತಕ್ಕಂಡ್ ಬಂದವ್ನೆ."

ಲಿಂಗೈಕ್ಯರಾದವರು ತಿರುಗಿ ಬರುವುದಿಲ್ಲ ಎಂದು ಮಠದ ಸ್ವಾಮಿಗಳು ಪ್ರತಿ ಸೋಮವಾರ ಹೇಳುತ್ತಾರೆ. ಅಕ್ಕ ಪ್ರತಿ ಸೋಮವಾರ ತಲೆಯಾಡಿಸಿ ಬರುತ್ತಾರೆ. ನಿಜ ಹೇಳಬೇಕೆಂದೇ ಬಾಯಿ ತೆರೆದೆ. "ಗಿಡ ಕೀಳಿಸಬೇಡಿ ಅಂತ ಹೇಳೋಕೆ ಬಂದಿರಬೇಕು ಅಕ್ಕ" ಎಂದುಬಿಟ್ಟೆ.

ಅಕ್ಕ ಕೂಡಲೇ ಮೂಗಯ್ಯನಿಗೆ ಫೋನು ಮಾಡಿಸಿ, ಬರಬೇಡ ಎಂದರು. ಗಿಡ ಉಳಿಯಿತು. ಇನ್ನು ಅಕ್ಕನನ್ನು ಹೊರಡಿಸುವುದೊಂದು ಬಾಕಿ.

ಆಗಸ್ಟ್ 26, ಗೌರಿ ಹಬ್ಬ

ಪಕ್ಕದ ಮನೆ ವನಿತಾ ಬಾಗಿನ ಹಿಡಿದುಕೊಂಡು ನಮ್ಮ ಗೇಟು ದಾಟಿ ಆಚೆ ಮನೆಗೆ ಹೋದಳು. ಹೋದ ವರ್ಷ ಮೊದಲು ನಮ್ಮನೆಗೇ ಬಂದಿದ್ದಳು.

ಕಿಟಕಿ ಹಾಕಿಕೊಂಡು ಉಳಿದಿದ್ದ ಪನ್ನೀರನ್ನೆಲ್ಲ ತಲೆಗೆ ಸುರಿದುಕೊಂಡೆ.

ಅಡುಗೆ ಅಕ್ಕನೇ ಮಾಡಿದರು. ಹೋಳಿಗೆ ತಟ್ಟಿದ್ದರು. ಯಾಕೆಂದು ಕೇಳದೆ ಎರಡು ತಿಂದೆ.

ಆಗಸ್ಟ್ 30

ಈಗ ಇದೊಂದು ದಿನದ ಕೆಲಸವಾಗಿದೆ. ಅಕ್ಕ ಹೊರಗೆ ಹೋದಾಗಲೆಲ್ಲ ಹೊಸ ಪನ್ನೀರು ಇಳಿಸಿಡುತ್ತೇನೆ. ಅಕ್ಕ ಸಂಜೆಯಾದರೆ ಕುರ್ಚಿ ಒರೆಸಿ, ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ಕಾಫಿ ಇಟ್ಟು, ಎದುರಿಗೆ ಚಾಪೆ ಹಾಕಿ ಕಾಯುತ್ತಾರೆ. ಕಾಯುವವರನ್ನು ನಿರಾಸೆ ಮಾಡುವುದು ಹೇಗೆ? ನನ್ನ ತಲೆಯಿಂದ ಬರುವ ವಾಸನೆ ನನ್ನ ಹಿಂದೆಯೇ ಓಡಾಡಿದರೆ ಸಿಕ್ಕಿಬೀಳುತ್ತೇನೆ. ಅದಕ್ಕೇ ಹೊಸ ಉಪಾಯ. ಅಕ್ಕ ಮುಖ ತೊಳೆಯಲು ಹೋದಾಗ ಸ್ಟೂಲು ಹತ್ತಿ ಹಜಾರದ ಫ್ಯಾನಿನ ರೆಕ್ಕೆಗಳಿಗೆ ಪನ್ನೀರು ಸವರಿಬಿಡುತ್ತೇನೆ. ಅಕ್ಕ ಬಂದು ಫ್ಯಾನು ಹಾಕಿದರೆ ತಮ್ಮ ಬಂದ ಹಾಗೆ.

ಮೊನ್ನೆ ಕರೆಂಟು ಹೋಯಿತು. ಫ್ಯಾನಿಲ್ಲ, ವಾಸನೆಯಿಲ್ಲ. ಅಕ್ಕ ಕತ್ತಲಲ್ಲಿ ಬಹಳ ಹೊತ್ತು ಕೂತು, "ಮಂಡೀಲಿ ಲೋಡು ಜಾಸ್ತಿ ಬಂದಿರಬೇಕು ಇವತ್ತು" ಎಂದು ಎದ್ದರು. ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ನಕ್ಕು ಮುಗಿದ ಮೇಲೆ ಯಾಕೋ ಅಳುವೂ ಬಂತು. ಅದು ಈರುಳ್ಳಿ ಬುಟ್ಟಿ ಹತ್ತಿರ ನಿಂತದ್ದಕ್ಕೆ ಇರಬೇಕು.

ವನಿತಾಗೂ ಸುದ್ದಿ ಮುಟ್ಟಿ ನಿನ್ನೆ ಸಂಜೆ ಬಂದು ಕೂತಳು. ನನ್ನ ಮುಖವನ್ನೇ ನೋಡಿ, "ಅಕ್ಕ, ಮುಖ ಏನಿಂಗೆ ಹೊಳೀತದೆ?" ಎಂದು ಕೇಳಿದಳು. ದುಃಖಕ್ಕೆ ಎಂದೆ. ಅವಳು ನಂಬುವವಳಲ್ಲ. ಇವತ್ತು ಬೇಗನೇ ಬಂದು, ನಾನು ಸ್ಟೂಲಿನ ಮೇಲಿರುವಾಗಲೇ ಹಿಡಿದಳು. ಬಾಯಿ ಮುಚ್ಚಿಕೊಂಡಿರಲು ಒಂದು ಬಾಟಲಿ ಪನ್ನೀರು ಕೇಳಿದಳು, ಮೊಡವೆಗೆ. ಕೊಟ್ಟೆ. ಹೋಗುವಾಗ, "ಗೌರಿಗೆ ಬರ್ಬೇಕು ಅಂತಾನೇ ಇದ್ದೆ ಅಕ್ಕ, ನಮ್ಮತ್ತೆ ಬುಡ್ಲಿಲ್ಲ" ಎಂದಳು. ಹೋಗಲಿ ಬಿಡು ಎಂದೆ.

ಸೆಪ್ಟೆಂಬರ್ 2

ಇವತ್ತು ನನ್ನ ಜೀವ ಬಾಯಿಗೆ ಬಂದಿತ್ತು ರೀ. ಹಿತ್ತಲಿಂದ ಬಂದು ನೋಡಿದರೆ ನಿಮ್ಮ ಅಕ್ಕ ಫ್ರಿಜ್ಜಿನ ಮುಂದೆ ನಿಂತು ಕೆಮ್ಮುತ್ತಿದ್ದಾರೆ. ಕೈಯಲ್ಲಿ ಆ ಬಾಟಲಿ. ಮುಚ್ಚಳದ ತುಂಬ ಬಗ್ಗಿಸಿ ಕುಡಿದೇಬಿಟ್ಟರು. ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೊಂದು ಮುಚ್ಚಳ ಬಗ್ಗಿಸಿ ಕುಡಿದರು.

"ಒಳ್ಳೆ ಔಷ್ದಿ ಕಣಮ್ಮಿ. ಯಾವ ಡಾಕ್ಟ್ರು ಕೊಟ್ಟದ್ದು?"

"ಶಿವಾನಿ ಕಳಿಸಿದ್ದು ಅಕ್ಕ. ಈಗಿನ ಸಿರಪ್ಪು ಹೀಗೇ ಇರ್ತದೆ."

"ಊಂ. ಕೆಮ್ಮು ಕಡ್ಮೆ ಆದಂಗದೆ" ಎಂದು ಬಾಟಲಿಯನ್ನು ಇದ್ದ ಜಾಗದಲ್ಲೇ ಇಟ್ಟರು.

ದೇವರು ದೊಡ್ಡವನು. ಅಕ್ಕಿ ಡಬ್ಬಿಯಲ್ಲಿ ಹೂವು ಹುಡುಕುವ ಮೂಗಿಗೆ ಬಾಯೊಳಗೆ ಹೋದದ್ದು ಗೊತ್ತಾಗಲಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಓಣಂ. ಚೆಂಡುಹೂವಿನ ಹೊಲಗಳ ಮುಂದೆ ಕೇರಳದ ಕಾರುಗಳು ನಿಂತು ಊರಿಗೆ ಊರೇ ಜಾಮ್. ಶಿವಾನಿ ರಜೆ ಹಾಕಿ ಬಂದಳು. ಒಳಗೆ ಕಾಲಿಟ್ಟವಳೇ ಫ್ಯಾನಿನ ಕಡೆ ನೋಡಿದಳು. ಲ್ಯಾಬಿನವಳಿಗೆ ಹೇಳಿಕೊಡಬೇಕೇ.

"ಅಮ್ಮ, ಇದು ಅತಿಯಾಯ್ತು. ಅತ್ತೆಗೆ ಹೇಳಿಬಿಡು."

"ಹೇಳ್ತೀನಿ, ಅವರು ಊರಿಗೆ ಹೋಗೋ ದಿನ."

"ಅವರು ನಂಬಿಕೊಂಡು ಅಪ್ಪನ ಹತ್ರ ಮಾತಾಡ್ತಿದ್ದಾರಲ್ಲ, ಪಾಪ ಅನ್ಸಲ್ವಾ?"

ಪಾಪ ನನ್ನ ಮೇಲೂ ಅನ್ನಿಸಬೇಕು. ಯಾಕೆಂದರೆ ನಿಮ್ಮ ಅಕ್ಕ ಈಗ ನಿಮ್ಮೊಂದಿಗೆ ಆಡುವ ಮಾತು ಬೇರೆಯೇ ಆಗಿದೆ. ಮೊದಲೆಲ್ಲ ಚಂದಕವಾಡಿ ಹೊಲ, ಬಾವಿ, ಸತ್ತ ಎಮ್ಮೆ ಇದೇ ಆಗಿತ್ತು. ಎರಡು ಮೂರು ದಿನದಿಂದ ಬರೀ ನನ್ನ ವಿಷಯ. "ಗುರುಪಾದ, ನಿನ್ನೆಡ್ತಿಗೆ ಸಾರಿಗೆ ಒಸಿ ಉಪ್ಪು ಜಾಸ್ತಿ ಹಾಕಕ್ಕೇಳು" ಎಂದು ಕುರ್ಚಿಗೆ ಹೇಳುತ್ತಾರೆ. ಇವತ್ತು, "ಬೆಳಗಾನ ಆ ಮೊಬೈಲ್ ಹಿಡ್ಕಂಡು ಕೂರಬ್ಯಾಡ ಅನ್ನು, ಕಣ್ಣು ಓಯ್ತದೆ" ಎಂದರು. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೇನೆ, ನನಗೆ ಹೇಳಬಾರದೇ. ಉಪ್ಪು ಮಾತ್ರ ಜಾಸ್ತಿ ಹಾಕಿದೆ.

ಶಿವಾನಿ ನನ್ನ ಹಣೆಯ ಮೇಲೆ ಬೆರಳಾಡಿಸಿ, ಸಣ್ಣ ಕೂದಲು ಹುಟ್ಟುತ್ತಿದೆ ಎಂದಳು. ಕನ್ನಡಿ ನೋಡುವ ಪುರಸೊತ್ತಿಲ್ಲ ನನಗೆ. ಫ್ಯಾನಿನ ಕೆಲಸವೇ ಸಾಕಾಗಿದೆ.

ಸೆಪ್ಟೆಂಬರ್ 11

ಮೂರು ದಿನದ ಮಳೆಗೆ ಗುಲಾಬಿ ಕೊಳೆತುಹೋಯಿತು. ಶಿವಾನಿ ತಂದಿಟ್ಟಿದ್ದ ಚೆಂಡುಹೂವು ಇತ್ತು. ಅದನ್ನೇ ಬಟ್ಟಿ ಇಳಿಸಿದೆ. ಈಗ ಮೀನಿನಂಗಡಿಯವನು ನನ್ನನ್ನು ಕಂಡರೆ ಕೇಳದೆಯೇ ಐಸು ಕಟ್ಟುತ್ತಾನೆ. ಇವತ್ತು, "ಚೇಚಿ, ಮನೆಯಲ್ಲಿ ಅಷ್ಟು ಮೀನಾ?" ಎಂದು ಆಶ್ಚರ್ಯಪಟ್ಟ.

ಚೆಂಡುಹೂವಿನದು ಒಂಥರಾ ಘಾಟು. ಫ್ಯಾನು ತಿರುಗಿದ್ದೇ ನಿಮ್ಮ ಅಕ್ಕ ಮೂಗು ಮುರಿದರು. "ಇದೇನಮ್ಮಿ, ಇವತ್ತು ಬ್ಯಾರೆ ವಾಸ್ನೆ?"

"ಸೀಜನ್ ಅಲ್ವಾ ಅಕ್ಕ. ಗುಲಾಬಿ ರೇಟು ಜಾಸ್ತಿ ಆಗಿರ್ಬೇಕು."

"ಅವ್ನು ಅಂಥ ಜಿಪುಣ ಅಲ್ಲ" ಎಂದರು. ಸೆರಗಿನಿಂದ ಬಾಯಿ ಒತ್ತಿಕೊಂಡು ಸುಮಾರು ಹೊತ್ತು ಕೂತಿದ್ದರು. ಅಳುತ್ತಿದ್ದಾರೆಂದುಕೊಂಡೆ, ಆದರೆ ಭುಜ ನಗುವಾಗ ಅಲುಗುವ ಹಾಗೆ ಅಲುಗುತ್ತಿತ್ತು.

ಆಮೇಲೆ ಕುರ್ಚಿಯ ಕಡೆ ತಿರುಗಿ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಗುರುಪಾದ, ನಿಂಗೆ ಗ್ಯಾಪ್ಕ ಅದಾ? ನಮ್ಮೆಜಮಾನ್ರು ಓದ್ ದಿನ ಅವ್ವ ನನ್ ಜಡೆ ಬಿಚ್ಚಿ, ಹೂವಾ ತಗ್ದು ಒಲೆಗಾಕ್ಬುಟ್ಲು. ನೀ ಸಣ್ಣೋನು. ಅಕ್ಕುನ್ ಹೂವಾ ಅಂತ ಒಲೆಗೇ ಕೈ ಹಾಕ್ದೆ. ಬೆರಳು ಸುಟ್ಕಂಡು ಮೂರ್ದಿನ ಅತ್ತೆ."

ನಿಮ್ಮ ಬಲಗೈ ಬೆರಳಿನ ಕಲೆ ಆಲೆಮನೆಯಲ್ಲಿ ಸುಟ್ಟದ್ದೆಂದು ನನಗೆ ಹೇಳಿದ್ದಿರಿ. ಇಷ್ಟು ವರ್ಷ ನಾನು ನಂಬಿದ್ದೆ. ದಿನಾ ಹೂವು ತಂದದ್ದು ನನ್ನ ಈರುಳ್ಳಿ ಮಾತಿಗೆ ಎಂದೂ ನಂಬಿದ್ದೆ. ನೀವು ಇರಬೇಕಿತ್ತು, ಸರಿಯಾಗಿ ಬೈಯುತ್ತಿದ್ದೆ.

ಸೆಪ್ಟೆಂಬರ್ 20, ಶನಿವಾರ

ನಾಳೆ ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಗಿಡ ಮತ್ತೆ ಬಿಟ್ಟಿದೆ. ಸಂಜೆ ನಿಮ್ಮ ಅಕ್ಕ ಕುರ್ಚಿಯ ಮುಂದೆ ಕೂತು, ನನಗೆ ಕೇಳುವಷ್ಟು ಗಟ್ಟಿಯಾಗಿ ಹೀಗೆಂದರು. "ಗುರುಪಾದ, ನಾ ಇಲ್ಲಿಗೆ ಯಾರೂ ಕರೀದೆ ಬಂದೋಳು. ಈ ಮನೇಲಿ ಇರ್ಲಾ, ಚಂದಕವಾಡಿಗೆ ಓಗ್ಲಾ? ಇರು ಅನ್ನದಾದ್ರೆ ನಾಳೆ ಸಂಜೆ ಬಾ. ಓಗು ಅನ್ನದಾದ್ರೆ ಬರಬ್ಯಾಡ. ನಂಗೇನ್ ಬ್ಯಾಸ್ರ ಇಲ್ಲ."

ಎದ್ದು ಹೋಗಿ ಟ್ರಂಕಿಗೆ ಬಟ್ಟೆ ಮಡಚಿ ಇಟ್ಟುಕೊಂಡರು.

ಇಷ್ಟು ಸುಲಭವಾಗಿ ಆಗುತ್ತದೆಂದು ಕನಸಿನಲ್ಲೂ ನೆನೆಸಿರಲಿಲ್ಲ. ನಾನೇನೂ ಮಾಡಬೇಕಾಗಿಲ್ಲ. ಏನೂ ಮಾಡದಿದ್ದರೆ ಸಾಕು.

ಸೆಪ್ಟೆಂಬರ್ 21, ಬೆಳಿಗ್ಗೆ

ಫ್ಯಾನಿನ ತಂಟೆಗೆ ಹೋಗುವುದಿಲ್ಲ. ತೀರ್ಮಾನವಾಯಿತು. ನಾಳೆಯಿಂದ ನಾನು ಎದ್ದರೆ ಎದ್ದೆ ಎನ್ನುವವರಿಲ್ಲ. ಹಜಾರದಲ್ಲಿ ಕಾಲು ಚಾಚಿ ಕೂರಬಹುದು. ಇಡೀ ಮನೆಯಲ್ಲಿ ನಾನೊಬ್ಬಳೇ.

ಸಂಜೆ

ಹಾಕಿಬಿಟ್ಟೆ.

ಎಡೆಗೆ ಕಜ್ಜಾಯ, ಪಾಯಸ ಎಲ್ಲ ಇಬ್ಬರೂ ಸೇರಿ ಮಾಡಿದೆವು. ಮಧ್ಯಾಹ್ನವೆಲ್ಲ ಅಕ್ಕ ಒಂದು ಮಾತೂ ಆಡಲಿಲ್ಲ. ನಾನು ಉಪ್ಪು ಕಮ್ಮಿ ಹಾಕಿದ್ದರೂ ಆಡಲಿಲ್ಲ. ಸಂಜೆ ಅವರು ಮುಖ ತೊಳೆಯಲು ಹೋದರು. ಫ್ಯಾನಿನ ಮೇಲೆ ಧೂಳು ಕಂಡಿತು, ಒರೆಸೋಣವೆಂದು ಸ್ಟೂಲು ಹತ್ತಿದೆ. ಹತ್ತಿದ ಮೇಲೆ ಕೈಗೆ ಅಭ್ಯಾಸವಾಗಿಬಿಟ್ಟಿದೆಯಲ್ಲ, ಬಾಟಲಿ ಪೂರ್ತಿ ಸುರಿದದ್ದೂ ತಿಳಿಯಲಿಲ್ಲ. ಧೂಳೇನೂ ಅಷ್ಟಿರಲಿಲ್ಲ.

ಅಕ್ಕ ಬಂದು ಫ್ಯಾನು ಹಾಕಿದರು. ಇಡೀ ಬೀದಿಗೆ ಪನ್ನೀರು ಚಿಮುಕಿಸಿದ ಹಾಗಾಯಿತು. ಕಣ್ಣು ಮುಚ್ಚಿಕೊಂಡು ನಿಂತರು. ಆಮೇಲೆ, "ಸರಿ ಬುಡು, ಟ್ರಂಕು ಬಿಚ್ತೀನಿ" ಎಂದು ಒಳಗೆ ಹೋದರು.

ಗೊತ್ತಿದ್ದೂ ಗೊತ್ತಿದ್ದೂ ನನ್ನ ತಲೆಯ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಆದರೂ ಎರಡು ಸಲ ಪಾಯಸ ಬಡಿಸಿಕೊಂಡೆ.

ಸೆಪ್ಟೆಂಬರ್ 22, ಸೋಮವಾರ

ಅಕ್ಕ ಇವತ್ತು ಮಠಕ್ಕೆ ಹೋಗಲಿಲ್ಲ. ಬೆಳಿಗ್ಗೆಯೇ ನಾನು ಹೊಸ ಪನ್ನೀರು ಇಳಿಸುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಪಾತ್ರೆ, ತಲೆಕೆಳಗಾದ ಮುಚ್ಚಳ, ಮೀನಿನಂಗಡಿಯ ಹೆಸರಿದ್ದ ಕವರಿನಲ್ಲಿ ಐಸು. ಬಚ್ಚಿಡಲು ಏನೂ ಉಳಿದಿರಲಿಲ್ಲ.

"ಆಗಿದ್ರೆ ಆ ಕೆಮ್ಮಿನ್ ಔಷ್ದಿ ತಕ್ಕಂಬಾ" ಎಂದರು.

"ಈಗ ಕೆಮ್ಮಿಲ್ಲವಲ್ಲ ಅಕ್ಕ?"

"ಕೆಮ್ಮಿಗಲ್ಲ ಕಣಮ್ಮಿ."

ಬಟ್ಟಲಿಗೆ ಇಳಿದಷ್ಟನ್ನು ಬಾಟಲಿಗೆ ತುಂಬಿಕೊಂಡು ಹಿಂದೆ ಹೋದೆ. ಅಕ್ಕ ಹಿತ್ತಲ ಮೆಟ್ಟಿಲಲ್ಲಿ, ಗಿಡದ ಎದುರಿಗೆ, ನನಗೆ ಬೆನ್ನು ಮಾಡಿ ಕೂತರು. ಗಂಟು ಬಿಚ್ಚಿದರು. ನಿಂಬೆಹಣ್ಣಿನಷ್ಟು ಗಂಟು, ಬಿಚ್ಚಿದರೆ ಭುಜಕ್ಕೂ ಬರದ ಬಿಳಿ ಕೂದಲು.

"ನೋಡ್ತಾ ಏನ್ ನಿಂತಿದ್ದೀಯೆ? ಹಾಕು. ಇಷ್ಟು ದಿನ ಫ್ಯಾನಿಗೆ ಹಾಕಿ ಹಾಕಿ ದಂಡ ಮಾಡ್ದೆ."

"ಯಾವಾಗಿಂದ ಗೊತ್ತಿತ್ತು ಅಕ್ಕ?"

"ಕುಡಿದ್ನಲ್ಲ."

"ಗೊತ್ತಿದ್ದೂ ಸುಮ್ಮನಿದ್ರಾ?"

"ನಂಗೂ ಒತ್ತು ಓಗ್ಬೇಕಲ್ವಾ?"

"ಮತ್ತೆ ಮೊನ್ನೆ ಇರ್ಲಾ ಹೋಗ್ಲಾ ಅಂತ ಅವರನ್ನ ಯಾಕೆ ಕೇಳಿದ್ರಿ?"

ಅಕ್ಕ ತಿರುಗಿ ನೋಡಲಿಲ್ಲ. "ಅವುನ್ನ ಎಲ್ ಕೇಳ್ದೆ?" ಎಂದರು.

ನಾನು ಬಾಟಲಿ ಬಗ್ಗಿಸಿದೆ. ಬೈತಲೆಯ ಮೇಲೆ, ಕಿವಿಯ ಹಿಂದೆ, ಕತ್ತಿನ ಗುಳಿಯಲ್ಲಿ, ಎಲ್ಲ ಕಡೆ ಹಚ್ಚಿದೆ. ಅವರ ತಲೆ ಬೆಚ್ಚಗಿತ್ತು. ಅರ್ಧ ಶತಮಾನವಾಗಿರಬೇಕು ಆ ತಲೆಗೆ ಹೂವಿನ ವಾಸನೆ ತಾಕಿ. ನನಗೆ ಇಷ್ಟು ದಿನಕ್ಕೇ ಹುಚ್ಚು ಹಿಡಿದಿತ್ತು. ಅಕ್ಕ ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಆಮೇಲೆ ಗಂಟು ಕಟ್ಟಿಕೊಂಡು ಎದ್ದು, "ಕರಿಬೇವು ಆಕಡೆ ಗೋಡೆ ತಾವ ನೆಡ್ಸನ, ಗಿಡಕ್ಕೆ ನೆರಳಾಗ್ಬಾರ್ದು" ಎಂದರು.

ಇನ್ನೊಂದು ಬರೆಯುವುದಿದೆ. ಸಂಜೆ ನಾನು ಅಡುಗೆಮನೆಯಲ್ಲಿ ಕಾಫಿಗೆ ಹಾಲಿಟ್ಟಿದ್ದೆ. ಹಜಾರದಲ್ಲಿ ದೀಪ ಹಚ್ಚಿದ ಸದ್ದಾಯಿತು. ಹಿಂದೆಯೇ ವಾಸನೆ ಬಂತು. ಇವತ್ತು ನಾನು ಸ್ಟೂಲು ಹತ್ತಿರಲಿಲ್ಲ, ಫ್ಯಾನಿಗೆ ಏನೂ ಹಾಕಿರಲಿಲ್ಲ.

"ಬಂದ್ರಾ?" ಎಂದು ಕೇಳಿಬಿಟ್ಟೆ.

"ನಾನು ಕಣಮ್ಮಿ" ಎಂದರು ಹಜಾರದಿಂದ ನಿಮ್ಮ ಅಕ್ಕ.

ನೋಡಿದರೆ ಮೂರು ಲೋಟಕ್ಕೆ ಕಾಫಿ ಬಗ್ಗಿಸಿಟ್ಟಿದ್ದೆ. ಆರಿಹೋಗುತ್ತದೆಂದು ಮೂರನೆಯದನ್ನು ಇಬ್ಬರೂ ಹಂಚಿಕೊಂಡು ಕುಡಿದೆವು.